ರೈಲು ಬಿಟ್ಟ ನೆಲ ಯಾರದು?

ನಮ್ಮ ವಾಚಕರಲ್ಲಿ ಬಹುಮಂದಿಯ ಬಾಳು ರೈಲಿನ ವೇಳಾಪತ್ರಕ್ಕೆ ಹೊಂದಿಕೊಂಡು ಸಾಗತಕ್ಕದ್ದು. ಡೊಂಬಿವಲಿಯಿಂದ ಫೋರ್ಟಿನ ಕಚೇರಿಗೆ ಹೋಗುವ ಗುಮಾಸ್ತರಾಗಲಿ, ಮೊದಲ ಗಾಡಿಗೆ ಥಾಣೆಯಲ್ಲಿಳಿದು ಹೋಟೆಲಿನ ಒಲೆ ಹೊತ್ತಿಸುವ ಅಡಿಗೆಯವರಾಗಲಿ, ಕಡೆಯ ಗಾಡಿಗೆ ಕಲ್ಯಾಣಕ್ಕೆ ಮರಳುವ ಮಾಣಿಗಳಾಗಲಿ, ಲೋಕಲು ಹತ್ತು ನಿಮಿಷ ತಡವಾದರೆ ಚಡಪಡಿಸದವರಿಲ್ಲ. ಇಷ್ಟಾದರೂ ಗಾಡಿಯ ಕೆಳಗಿರುವ ನೆಲದ ವಿಚಾರವನ್ನು ನಾವು ಚಿಂತಿಸುವುದು ಅಪರೂಪ. ಒಂದು ರೈಲುದಾರಿ ನಿರುಪಯುಕ್ತವಾಗಿ ಅದರ ಹಳಿಗಳನ್ನು ಕಿತ್ತರೆ, ಊರಿಂದೂರಿಗೆ ನೂಲು ಹಿಡಿದಂತೆ ಸಾಗಿದ ಆ ನೆಲದ ಪಟ್ಟಿ ಯಾರ ಪಾಲಾಗಬೇಕು? ಅದು ತುಂಡುತುಂಡಾಗಿ ಮಾರಿಹೋಗಬೇಕೆ, ಬಲವುಳ್ಳವರ ಒತ್ತುವರಿಗೆ ಸಿಕ್ಕಬೇಕೆ, ಅಥವಾ ನಡೆಯುವ ಬಡವನಿಗೆ ದಾರಿಯಾಗಿ ಉಳಿಯಬೇಕೆ? ಚದರಡಿಗಳಲ್ಲಿ ಬದುಕನ್ನು ಅಳೆಯುವ ನಮ್ಮ ಈ ಪ್ರಾಂತದಲ್ಲಿ ಈ ಪ್ರಶ್ನೆಯನ್ನು ಯಾರೂ ನಿರರ್ಥಕವೆನ್ನಲಾರರು.

ಈ ಪ್ರಶ್ನೆಗೆ ಪರದೇಶದವರು ಕೊಟ್ಟ ಉತ್ತರವೊಂದು ಮನನಯೋಗ್ಯವಾಗಿದೆ. ಅಮೆರಿಕದ ಶಿಕಾಗೊ ನಗರದಿಂದ ಪಶ್ಚಿಮಕ್ಕೆ ಅರೋರಾ, ಎಲ್ಜಿನ್ ಎಂಬ ಊರುಗಳಿಗೆ 1902ರಿಂದ ವಿದ್ಯುತ್ ರೈಲು ಓಡುತ್ತಿದ್ದಿತು. ಉಪನಗರದ ನೌಕರರನ್ನು ಬೆಳಗ್ಗೆ ನಗರಕ್ಕೆ ಒಯ್ದು ಸಂಜೆ ಮನೆ ಮುಟ್ಟಿಸುವ ಗಾಡಿ ಅದು. ನಮ್ಮ ಲೋಕಲಿನ ದಾಯಾದಿಯೆಂದರೂ ಸಲ್ಲುತ್ತದೆ. 1953ರಲ್ಲಿ ಹೆದ್ದಾರಿಯ ಕಾಮಗಾರಿಗಾಗಿ ನಗರದೊಳಕ್ಕೆ ಅದಕ್ಕಿದ್ದ ನೇರ ಪ್ರವೇಶ ತಪ್ಪಿಹೋಯಿತು. ಪ್ರಯಾಣಿಕರು ನಡುದಾರಿಯಲ್ಲಿ ಗಾಡಿ ಬದಲಿಸಬೇಕಾಯಿತು. ಬೇಸತ್ತವರು ಮೋಟಾರುಗಳ ಕಡೆಗೆ ತಿರುಗಿದರು. ಕಂಪನಿ ನಷ್ಟಕ್ಕೆ ಬಿದ್ದಿತು. 1957ರ ಜುಲೈ 3ರಂದು ನ್ಯಾಯಾಲಯದ ಅನುಮತಿ ಕೈಗೆ ಬಂದೊಡನೆ ಕಂಪನಿಯವರು ಮಧ್ಯಾಹ್ನವೇ ಪ್ರಯಾಣಿಕರ ಗಾಡಿಗಳನ್ನು ನಿಲ್ಲಿಸಿಬಿಟ್ಟರು. ಬೆಳಗ್ಗೆ ಅದೇ ರೈಲಿನಲ್ಲಿ ಕೆಲಸಕ್ಕೆ ಬಂದಿದ್ದ ಸಾವಿರಾರು ಮಂದಿಗೆ ಸಂಜೆ ಹಿಂದಿರುಗಲು ಗಾಡಿಯೇ ಇಲ್ಲ! ಕುರ್ಲಾದಲ್ಲೋ ದಾದರದಲ್ಲೋ ಮಳೆಗಾಲದ ರಾತ್ರಿ ಕಳೆದವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1959ರಲ್ಲಿ ಸಾಮಾನಿನ ಗಾಡಿಯೂ ನಿಂತಿತು, ದಾರಿ ಹಾಳುಬಿದ್ದಿತು.

ಹಾಗೆ ಹಾಳುಬಿದ್ದ ದಾರಿಗೆ ಮರುಜೀವ ಕೊಟ್ಟದ್ದು ವೃತ್ತಪತ್ರಿಕೆಗೆ ಬರೆದ ಒಂದು ಪತ್ರ. ಆ ಪ್ರಾಂತದ ಮಾರ್ಟನ್ ಸಸ್ಯೋದ್ಯಾನದಲ್ಲಿ ಪ್ರಕೃತಿಪಾಠ ಹೇಳುತ್ತಿದ್ದ ಮೇ ಥೈಲ್ಗಾರ್ಡ್ ವಾಟ್ಸ್ ಎಂಬ ವಯೋವೃದ್ಧ ಮಹಿಳೆ 1963ರ ಸಪ್ಟೆಂಬರದಲ್ಲಿ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆಗೆ ಅದನ್ನು ಬರೆದರು. ಬ್ರಿಟನ್ನಿನಲ್ಲಿ ಹೊಲಗದ್ದೆಗಳ ನಡುವೆ ಯಾರು ಬೇಕಾದರೂ ನಡೆಯಬಹುದಾದ ಕಾಲುದಾರಿಗಳಿರುವಂತೆ ಈ ರೈಲುದಾರಿಯನ್ನೂ ಕಾಲುದಾರಿಯಾಗಿ ಉಳಿಸಿಕೊಳ್ಳಬೇಕು, ತಡಮಾಡಿದರೆ ನೆಲ ಸಮತಟ್ಟು ಮಾಡುವ ಯಂತ್ರಗಳು ಬಂದು ಎಲ್ಲವೂ ಕೈಬಿಟ್ಟು ಹೋಗುವುದು, ಎಂಬುದೇ ಅವರ ಬಿನ್ನಹದ ಸಾರ. ಅವರ ಹಿಂದೆ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಪತ್ರ ಓದಿದ ನೆರೆಹೊರೆಯವರು ಸಂಘ ಕಟ್ಟಿದರು. ಕೌಂಟಿಯ ಆಡಳಿತದಿಂದ ನೆಲವನ್ನು ಗೇಣಿಗೆ ಪಡೆದರು. ರಜೆಯ ದಿನಗಳಲ್ಲಿ ಗುದ್ದಲಿ ಹಿಡಿದು ಮುಳ್ಳು ಕಡಿದರು. ಇಂದು 'ಇಲಿನಾಯ್ ಪ್ರೇರಿ ಪಾಥ್' ಎಂದು ಹೆಸರಾಗಿರುವ ಆ ದಾರಿ ಸುಮಾರು 61 ಮೈಲು ಉದ್ದವಾಗಿದೆ.

'ಪ್ರೇರಿ' ಎಂಬ ಮಾತಿನ ಅರ್ಥವನ್ನು ಇಲ್ಲಿ ಹೇಳುವುದು ಅವಶ್ಯ. ಅದು ಮರವಿಲ್ಲದ, ಆಳೆತ್ತರಕ್ಕೆ ಹುಲ್ಲು ಬೆಳೆಯುವ, ದಿಗಂತದವರೆಗೆ ಹಬ್ಬಿದ ಬಯಲು. ಬಿಜಾಪುರ-ಧಾರವಾಡಗಳ ಎರೆಯ ಸೀಮೆಯನ್ನು ಕಂಡವರು ಅದರ ವಿಸ್ತಾರವನ್ನು ಊಹಿಸಿಕೊಳ್ಳಬಹುದು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಇದೇ ಇಲಿನಾಯ್ ಸೀಮೆಯಲ್ಲಿ ಉಕ್ಕಿನ ನೇಗಿಲನ್ನು ಮಾಡಿದನು. ಅಂಟುಮಣ್ಣಿನ ಆ ನೆಲ ನೇಗಿಲಿಗೆ ಒಲಿಯಿತು. ಬಯಲೆಲ್ಲ ಜೋಳದ ಹೊಲವಾಗಿ, ಮೂಲದ ಹುಲ್ಲುಗಾವಲಿನಲ್ಲಿ ನೂರಕ್ಕೆ ಒಂದಂಶವೂ ಉಳಿಯಲಿಲ್ಲ. ಎಲ್ಲಿ ಉಳಿಯಿತೆಂದರೆ, ಹಳೆಯ ಸ್ಮಶಾನಗಳ ಮೂಲೆಗಳಲ್ಲಿ ಮತ್ತು ರೈಲುಹಳಿಯ ಇಕ್ಕೆಲಗಳಲ್ಲಿ! ರೈಲು ಕಂಪನಿಯ ಬೇಲಿಯೊಳಗೆ ನೇಗಿಲು ಹೋಗುವಂತಿರಲಿಲ್ಲವಲ್ಲ. ಹೀಗೆ ನಾಡನ್ನು ಬದಲಿಸಿದ ರೈಲೇ ನಾಡಿನ ಹಳೆಯ ಹುಲ್ಲಿಗೂ ಹೂವಿಗೂ ಆಶ್ರಯವಾದುದು ವಿಧಿಯ ವಿನೋದವೆನ್ನಬೇಕು.

ಇಂಥ ದಾರಿಯಲ್ಲಿ ನಡೆಯುವವನಿಗೆ ದೊರೆಯುವ ಸೌಕರ್ಯ ಬೇರೆ ದಾರಿಯಲ್ಲಿ ದುರ್ಲಭ. ಉಗಿಯಂತ್ರಕ್ಕೆ ಕಡಿದಾದ ಏರು ಹತ್ತುವ ಶಕ್ತಿಯಿಲ್ಲದ ಕಾರಣ ಹಿಂದಿನ ಇಂಜಿನಿಯರುಗಳು ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ, ಹೊಳೆಗೆ ಸೇತುವೆ ಕಟ್ಟಿ ನೆಲವನ್ನು ಹದಮಾಡಿದ್ದರು. ಅವರು ಗಾಡಿಗೆಂದು ಮಾಡಿದ ಹದ ಇಂದು ಮುದುಕರ ಮೊಣಕಾಲಿಗೂ ಮಕ್ಕಳ ಸೈಕಲಿಗೂ ಒದಗಿ ಬಂದಿದೆ. ಮೂರು ನಾಲ್ಕು ಮೈಲಿಗೊಂದು ಊರು. ಏಕೆಂದರೆ ರೈಲುದಾರಿಯ ಗುಂಟ ನಿಲ್ದಾಣ, ನಿಲ್ದಾಣದ ಸುತ್ತ ಊರು ಬೆಳೆದದ್ದೇ ಆ ಸೀಮೆಯ ಚರಿತ್ರೆ. ಹೆದ್ದಾರಿ ಊರಿನ ಅಂಗಡಿಸಾಲನ್ನು ತೋರಿಸಿದರೆ ರೈಲುದಾರಿ ಊರಿನ ಹಿತ್ತಿಲನ್ನು ತೋರಿಸುತ್ತದೆ. ಒಣಹಾಕಿದ ಬಟ್ಟೆ, ತರಕಾರಿಯ ಮಡಿ, ಹಳೆಯ ಉಗ್ರಾಣ, ಧಾನ್ಯದ ಕಣಜ ಇವುಗಳ ನಡುವೆ ಹಾದುಹೋಗುವ ಪಥಿಕನಿಗೆ ಆ ಜನರ ನಿಜವಾದ ಬಾಳು ಕಾಣಸಿಗುತ್ತದೆ.

ಹೋಟೆಲಿನ ಕಸಬಿನವರಾದ ನಮ್ಮ ಜನರಿಗೆ ರುಚಿಸುವ ಮಾತೊಂದು ಇನ್ನೂ ಉಂಟು. ನೆರೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್ ಊರಿನಿಂದ ಸ್ಪಾರ್ಟಾ ಊರಿಗೆ 32 ಮೈಲು ಉದ್ದದ ಹಾಳು ರೈಲುದಾರಿಯನ್ನು ಸರಕಾರವೇ ಕೊಂಡು 1967ರಲ್ಲಿ ಸೈಕಲ್ ಸವಾರರಿಗೆ ತೆರೆಯಿತು. ಅದರಲ್ಲಿ ಮೂರು ಸುರಂಗಗಳಿವೆ. ದೊಡ್ಡದು ಸುಮಾರು ಮುಕ್ಕಾಲು ಮೈಲು ಉದ್ದ, ಒಳಗೆ ಹಗಲಲ್ಲೂ ದೀಪ ಬೇಕು. ರೈಲು ನಿಂತ ಮೇಲೆ ಬಡವಾಗಬೇಕಾಗಿದ್ದ ನಡುದಾರಿಯ ಸಣ್ಣ ಊರುಗಳಿಗೆ ಸೈಕಲಿನವರು ಹೊಸ ಗಿರಾಕಿಗಳಾಗಿ ಬಂದರು. ಹಳೆಯ ನಿಲ್ದಾಣ ಯಾತ್ರಿಕರ ತಂಗುದಾಣವಾಯಿತು. ಊಟ-ಬಿಡಾರ ಒದಗಿಸುವುದು ಊರವರಿಗೆ ಕಸಬಾಯಿತು. ದಾರಿಯಲ್ಲಿ ಜನ ನಡೆದರೆ ದಾರಿಯ ಬದಿಯಲ್ಲಿ ಒಲೆ ಹೊತ್ತುತ್ತದೆ ಎಂಬುದನ್ನು ಉಡುಪಿ-ಕುಂದಾಪುರಗಳಿಂದ ಬಂದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಇಂದು ಅಮೆರಿಕದಲ್ಲಿ ಇಂಥ ದಾರಿಗಳು 2000ಕ್ಕೂ ಮಿಕ್ಕಿವೆ. ಅವುಗಳ ಒಟ್ಟು ಉದ್ದ 20,000 ಮೈಲಿಗೂ ಹೆಚ್ಚು.

ಈ ಚಳುವಳಿಯ ತಿರುಳು 1983ರಲ್ಲಿ ಅಲ್ಲಿನವರು ಮಾಡಿಕೊಂಡ ಒಂದು ಕಾನೂನಿನಲ್ಲಿದೆ. ರೈಲು ನಿಂತೊಡನೆ ನೆಲವನ್ನು ಹರಿದು ಹಂಚದೆ, ದಾರಿಯನ್ನು ಅಖಂಡವಾಗಿ ಕಾದಿರಿಸತಕ್ಕದ್ದು. ಸದ್ಯಕ್ಕೆ ಜನರು ಅದರಲ್ಲಿ ನಡೆಯಲಿ. ನಾಳೆ ರೈಲು ಬೇಕಾದರೆ ಹಳಿ ಹಾಕುವ ಹಕ್ಕು ಇದ್ದೇ ಇರಲಿ, ಎಂಬುದು ಅದರ ತಾತ್ಪರ್ಯ. ನೆಲವನ್ನು ಠೇವಣಿಯಿಟ್ಟ ಹಾಗೆ. ಬಡ್ಡಿಯನ್ನು ಪಥಿಕರು ಉಣ್ಣುತ್ತಾರೆ, ಅಸಲು ದೇಶದ್ದಾಗಿ ಉಳಿಯುತ್ತದೆ. ಒಮ್ಮೆ ತುಂಡಾದ ದಾರಿಯನ್ನು ಮತ್ತೆ ಕೂಡಿಸುವುದು ರಾಜರಿಂದಲೂ ಸಾಧ್ಯವಿಲ್ಲವೆಂಬ ವಿವೇಕ ಇದರಲ್ಲಿದೆ.

ಅಮೆರಿಕದ ಮಾತು ನಮಗೇಕೆಂದು ಕೇಳುವವರು ನಮ್ಮ ಕನ್ನಡ ನಾಡಿನ ಕಡೆಗೊಮ್ಮೆ ನೋಡಬೇಕು. ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ಮೀಟರ್ ಗೇಜ್ ದಾರಿ 1979ರಲ್ಲಿ ಪೂರ್ಣವಾಯಿತು. ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, ಐವತ್ತು ಅಡಿಗೆ ಒಂದಡಿಯ ಇಳಿಜಾರು. ಬ್ರಾಡ್ ಗೇಜಿಗೆ ಬದಲಿಸುವುದಕ್ಕಾಗಿ 1996ರಲ್ಲಿ ಆ ದಾರಿಯನ್ನು ಮುಚ್ಚಲಾಯಿತು. ಕೆಲಸ ಸಾಗಿದ್ದು ಬಸವನ ಹುಳುವಿನಂತೆ. ಸುಮಾರು ಹತ್ತು ವರ್ಷ ಗಾಡಿಯ ಸದ್ದಿಲ್ಲದ ಆ ಸುರಂಗಗಳ ನಡುವೆ ಚಾರಣಿಗರು ನಡೆದರು. ದೋಣಿಗಾಲಿನಿಂದ ಯಡಕುಮೇರಿಯವರೆಗೆ ಹೆಗಲ ಮೇಲೆ ಬುತ್ತಿ ಹೊತ್ತು, ಕೈಯಲ್ಲಿ ಬ್ಯಾಟರಿ ಹಿಡಿದು ಹೋದವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ. ತಾವು ಹುಟ್ಟಿದ ಘಟ್ಟವನ್ನು ಕಾಲ್ನಡಿಗೆಯಲ್ಲಿ ಕಾಣುವ ಭಾಗ್ಯ ಅವರದಾಯಿತು. ಅನಂತರ 2006ರಲ್ಲಿ ಸಾಮಾನಿನ ಗಾಡಿಯೂ 2007ರಲ್ಲಿ ಪ್ರಯಾಣಿಕರ ಗಾಡಿಯೂ ಮರಳಿ ಓಡತೊಡಗಿದವು. ನೆಲ ಅಖಂಡವಾಗಿ ಉಳಿದಿದ್ದರೆ ಇಂದಿನ ಕಾಲುದಾರಿ ನಾಳೆಯ ರೈಲುದಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ? ಅಲ್ಲಿ ದಾರಿಯನ್ನು ಮುಚ್ಚಿದ್ದು ತ್ಯಜಿಸುವುದಕ್ಕಲ್ಲ, ಬದಲಿಸುವುದಕ್ಕೆ ಎಂಬುದು ನಿಜ. ಆದರೂ ಪಾಠ ಒಂದೇ.

ಮಹಾರಾಷ್ಟ್ರದಲ್ಲಿ ಇದೇ ಪಾಠವನ್ನು ಕಾದಿರುವ ದಾರಿಯೊಂದಿದೆ. ಕಲ್ಯಾಣದ ಮೇಲಿನಿಂದ ನಾಗಪುರದತ್ತ ಹೋಗುವ ಗಾಡಿಯಲ್ಲಿ ಅಕೋಲಾ ದಾಟಿದ ಮೇಲೆ ಮುರ್ತಿಜಾಪುರ ಎಂಬ ನಿಲ್ದಾಣ ಬರುತ್ತದೆ. ಅಲ್ಲಿಂದ ಒಂದು ಕಡೆ ಯವತಮಾಳಕ್ಕೆ 113 ಕಿಲೋಮೀಟರು, ಇನ್ನೊಂದು ಕಡೆ ಅಚಲಪುರಕ್ಕೆ 76 ಕಿಲೋಮೀಟರು ಉದ್ದದ ಸಣ್ಣ ಹಳಿಯ ದಾರಿ. ಹತ್ತಿಯನ್ನು ಸಾಗಿಸುವ ಸಲುವಾಗಿ ಕಿಲಿಕ್ ನಿಕ್ಸನ್ ಎಂಬ ಖಾಸಗಿ ಸಂಸ್ಥೆಯವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಟ್ಟಿಸಿದ ಈ ದಾರಿಯನ್ನು ಜನರು ಪ್ರೀತಿಯಿಂದ 'ಶಕುಂತಲಾ' ಎಂದು ಕರೆದರು. 1994ರವರೆಗೂ ಅಲ್ಲಿ ಉಗಿಯಂತ್ರ ಓಡುತ್ತಿದ್ದಿತು. ಕರಿಮಣ್ಣಿನ ಹತ್ತಿಹೊಲ, ಬಯಲು, ಸಣ್ಣ ಊರು, ಮತ್ತೆ ಬಯಲು: ನಮ್ಮ ದೇಶದ ಪ್ರೇರಿಯೆಂದರೆ ಇದೇ. ಕೆಲವು ವರ್ಷಗಳಿಂದ ಗಾಡಿ ನಿಂತಿದೆ. ದೊಡ್ಡ ಹಳಿ ಹಾಕಿ ಗಾಡಿಯನ್ನು ಮರಳಿ ಓಡಿಸಬೇಕೆಂಬುದು ಅಲ್ಲಿನ ಜನರ ಬೇಡಿಕೆ, ಅದು ನ್ಯಾಯವಾದದ್ದು. ಬಡವನ ರೈಲನ್ನು ಕಸಿದು ಸಿರಿವಂತರ ವಿಹಾರಕ್ಕೆ ದಾರಿ ಮಾಡಿಕೊಡಿರೆಂದು ನಾವು ಎಂದಿಗೂ ಹೇಳಲಾರೆವು. ರೈಲು ಬರುವುದಾದರೆ ಬರಲಿ, ಬರುವವರೆಗೆ ನೆಲ ಚೂರಾಗದಿರಲಿ, ಅದರ ಮೇಲೆ ಊರ ಜನ ನಡೆದಾಡಲಿ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

ಇನ್ನು ನಮ್ಮ ಬಾಗಿಲಿಗೇ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತದ್ದು ನಮ್ಮ ಥಾಣೆಯಲ್ಲಿ. ಮರುವರ್ಷ ದಾರಿ ಕಲ್ಯಾಣಕ್ಕೆ ಮುಟ್ಟಿತು. ಮುಂದೆ ಪುಣೆಗೆ ಹೋಗಲು ಬೋರ್‌ಘಾಟವನ್ನು ಹತ್ತಬೇಕಾಗಿತ್ತು. 1856ರಲ್ಲಿ ಆರಂಭವಾದ ಆ ಕೆಲಸ 1863ರಲ್ಲಿ ಮುಗಿಯಿತು. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರ ಪತ್ನಿ ಆಲಿಸ್ ಟ್ರೆಡ್ವೆಲ್ ಗುತ್ತಿಗೆಯನ್ನು ಬಿಡದೆ ನಡೆಸಿದರೆಂಬುದು ಸ್ಮರಣೀಯ. ಆದರೆ ಗುತ್ತಿಗೆದಾರರ ಹೆಸರು ಉಳಿಯಿತು, ಕೆಲಸಗಾರರ ಹೆಸರು ಉಳಿಯಲಿಲ್ಲ. ಒಂದು ಕಾಲಕ್ಕೆ 40,000ಕ್ಕೂ ಮಿಕ್ಕಿದ ಕೂಲಿಗಳು ಆ ಬಂಡೆಗಳ ಮೇಲೆ ದುಡಿಯುತ್ತಿದ್ದರು. ವಾಂತಿಭೇದಿ, ಜ್ವರ, ಸಿಡಿಮದ್ದು, ಜಾರಿದ ಕಾಲು ಇವುಗಳಿಂದ ಸತ್ತವರು ಸಾವಿರಾರು. ತುತ್ತಿನ ಚೀಲ ತುಂಬಲು ಊರು ಬಿಟ್ಟು ಬಂದ ವಲಸೆಗಾರರೇ ಅವರು. ಈ ಪತ್ರಿಕೆಯನ್ನು ಓದುತ್ತಿರುವವರ ಹಿರಿಯಣ್ಣಂದಿರೆಂದು ನಾವು ಭಾವಿಸುತ್ತೇವೆ.

ಆ ಘಾಟದಲ್ಲಿ ಏರು ಎಷ್ಟು ಕಡಿದಾಗಿತ್ತೆಂದರೆ ಗಾಡಿ ಒಂದು ಕಡೆ ನಿಂತು, ಯಂತ್ರವನ್ನು ಹಿಂದುಮುಂದಾಗಿ ಜೋಡಿಸಿಕೊಂಡು, ದಿಕ್ಕು ಬದಲಿಸಿ ಹತ್ತಬೇಕಾಗಿತ್ತು. ಖಂಡಾಳದ ಕೆಳಗಿನ ಆ 'ರಿವರ್ಸಿಂಗ್ ಸ್ಟೇಶನ್' 1929ರಲ್ಲಿ ಹೊಸ ಸುರಂಗದಾರಿ ಸಿದ್ಧವಾದಾಗ ಕೆಲಸ ತಪ್ಪಿ ಮೂಲೆಗೆ ಬಿದ್ದಿತು. ಅದರ ಹಳೆಯ ಕಲ್ಲುಕಮಾನುಗಳು ಇಂದಿಗೂ ಕಣಿವೆಯಲ್ಲಿ ನಿಂತಿವೆ. ಕೆಳಗೆ ಮುಂಬಯಿ-ಪುಣೆ ಹೆದ್ದಾರಿಯ ಮೋಟಾರುಗಳು ಧಾವಿಸುತ್ತವೆ; ಇದು ಏನು, ಯಾರು ಕಟ್ಟಿದ್ದು ಎಂದು ಕೇಳುವವರಿಲ್ಲ. 1830ರಲ್ಲಿ ಕಟ್ಟಿದ್ದ ಅಮೃತಾಂಜನ ಸೇತುವೆಯನ್ನು 2020ರ ಏಪ್ರಿಲಿನಲ್ಲಿ ಕೆಡವಿದಾಗ ಆ ಕಣಿವೆಯ ಒಂದು ಹಳೆಯ ಸಾಕ್ಷಿ ಹೋಯಿತು. ಉಳಿದದ್ದಾದರೂ ಉಳಿಯಲಿ, ಕೈತೋಟದಷ್ಟು ಅಲಂಕಾರವೇನೂ ಬೇಕಾಗಿಲ್ಲ, ಒಂದು ಭದ್ರವಾದ ಕಾಲುದಾರಿ, ಒಂದು ಕಟಾಂಜನ, ಕಟ್ಟಿದವರ ವೃತ್ತಾಂತ ಹೇಳುವ ಒಂದು ಫಲಕ ಇಷ್ಟಿದ್ದರೆ ಸಾಕು. ಕಲ್ಯಾಣದವರು ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ದಾರಿಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳುವುದು ನಮ್ಮ ಕರ್ತವ್ಯ. ರೈಲು ಬಿಟ್ಟ ದಾರಿ ಬೇರೆ, ರೈಲು ಓಡುವ ದಾರಿ ಬೇರೆ. ಸಕಲೇಶಪುರದ ಘಟ್ಟದಲ್ಲಿ ಗಾಡಿ ಮರಳಿ ಓಡತೊಡಗಿದ ಮೇಲೂ ಹಳೆಯ ನೆನಪಿನಿಂದ ಸುರಂಗದೊಳಗೆ ನುಗ್ಗುವ ತರುಣರಿದ್ದಾರೆ. ಅದು ಸಾಹಸವಲ್ಲ, ಅವಿವೇಕ. ಅಪ್ಪಣೆಯಿಲ್ಲದೆ ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾನೂನಿನಂತೆ ಅಪರಾಧವೂ ಹೌದು. ಇಲ್ಲಿಯ ಮಾತಂತೂ ಇನ್ನೂ ದಾರುಣ. ಮಹಾಮಾರಿಯ ಎರಡು ವರ್ಷಗಳನ್ನು ಬಿಟ್ಟರೆ ಮುಂಬಯಿ ಉಪನಗರದ ಹಳಿಗಳ ಮೇಲೆ ವರ್ಷವರ್ಷವೂ ಸಾಯುವವರ ಸಂಖ್ಯೆ 2000ಕ್ಕೆ ಕಡಿಮೆಯಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಹಳಿ ದಾಟುವಾಗ ಪ್ರಾಣ ಬಿಟ್ಟವರು. ಹೋಟೆಲಿನ ಬಾಗಿಲು ಹಾಕಿ, ನಿದ್ದೆಗಣ್ಣಿನಲ್ಲಿ ಕೋಣೆಯ ಕಡೆಗೆ ಹೊರಟ ಹುಡುಗನಿಗೆ ಸೇತುವೆಯ ಮೆಟ್ಟಲು ಹಿಮಾಲಯವಾಗಿ ಕಾಣುತ್ತದೆ; ಹಳಿ ದಾಟಿದರೆ ನಾಲ್ಕು ನಿಮಿಷದ ಉಳಿತಾಯ. ಆ ನಾಲ್ಕು ನಿಮಿಷಕ್ಕೆ ಊರಿನಲ್ಲಿರುವ ತಾಯಿ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ನಾವು ಬಲ್ಲೆವು. ಅಂಥ ಮನೆಗಳಿಗೆ ಸುದ್ದಿ ಮುಟ್ಟಿಸುವ ಕೆಲಸವೂ ಎಷ್ಟೋ ಸಲ ನಮ್ಮ ಪಾಲಿಗೆ ಬಂದಿದೆ.

ಆದರೆ ತಪ್ಪನ್ನೆಲ್ಲ ನಡೆಯುವವನ ತಲೆಗೆ ಕಟ್ಟುವುದು ಧರ್ಮವಲ್ಲ. ಮನುಷ್ಯ ಹಳಿಯ ಮೇಲೆ ನಡೆಯುವುದು ಅವನಿಗೆಂದು ಬೇರೆ ದಾರಿಯನ್ನು ಯಾರೂ ಮಾಡಿಕೊಡದುದರಿಂದ. ಥಾಣೆ-ಡೊಂಬಿವಲಿಗಳಲ್ಲಿ ಪಾದಚಾರಿಯ ದಾರಿಯನ್ನು ಮೋಟಾರು ಆಕ್ರಮಿಸಿದೆ. ಮೋಟಾರು ಬಿಟ್ಟದ್ದನ್ನು ಅಂಗಡಿ ಆಕ್ರಮಿಸಿದೆ. ಯೋಜನೆಯ ಪ್ರಕಾರ ಕಟ್ಟಿದ ನವಿಮುಂಬಯಿಯಲ್ಲೂ ನಡೆಯುವವನ ಪಾಡು ಹೇಳಿಕೊಳ್ಳುವಂಥದ್ದೇನಲ್ಲ. ದಿನಕ್ಕೆ ಹತ್ತು ಹನ್ನೆರಡು ತಾಸು ಮೇಜಿನಿಂದ ಮೇಜಿಗೆ ನಡೆಯುವ ನಮ್ಮ ಮಾಣಿ ವರ್ಷಕ್ಕೆ ಎಷ್ಟು ನೂರು ಮೈಲು ನಡೆಯುತ್ತಾನೋ ಲೆಕ್ಕವಿಟ್ಟವರಿಲ್ಲ. ಆದರೆ ಅದರಲ್ಲಿ ತನ್ನ ಮನಸ್ಸಿಗಾಗಿ ನಡೆದದ್ದು ಒಂದು ಮೈಲಾದರೂ ಇದೆಯೆ? ಸಿನಿಮಾಕ್ಕೆ ಟಿಕೇಟು ಬೇಕು, ಕ್ಲಬ್ಬಿಗೆ ಚಂದಾ ಬೇಕು. ಹುಲ್ಲಿನ ನಡುವಿನ ದಾರಿಗೆ ಎರಡು ಕಾಲು ಮತ್ತು ಒಂದು ರಜೆ ಸಾಕು.

ರಜೆಯ ಮಾತು ಬಂದುದರಿಂದ ನಮ್ಮ ಹೋಟೆಲು ಮಾಲಿಕ ಬಂಧುಗಳಲ್ಲಿ ಒಂದು ಅರಿಕೆ. ನಾವೂ ಗಲ್ಲೆಯ ಹಿಂದೆ ವರ್ಷಗಟ್ಟಲೆ ಕುಳಿತವರೇ ಆದುದರಿಂದ ವ್ಯಾಪಾರದ ಅಡಚಣೆಗಳನ್ನು ಬಲ್ಲೆವು. ಆದರೂ ವಾರದ ರಜೆಯೆಂಬುದು ಕಾನೂನು ಕೊಟ್ಟ ಹಕ್ಕು, ಧಣಿಯ ದಾನವಲ್ಲ. ರಜೆಯ ದಿನವೂ ಅರ್ಧ ಹೊತ್ತು ತರಕಾರಿ ತರಲು ಕಳಿಸುವುದು, ಊಟದ ವೇಳೆಗೆ ಕೂಗಿ ಕರೆಯುವುದು ರಜೆ ಕೊಟ್ಟಂತಾಗದು. ಒಂದು ದಿನ ಬೆಟ್ಟದ ಗಾಳಿ ಕುಡಿದು ಬಂದ ಹುಡುಗ ಉಳಿದ ಆರು ದಿನ ಗಿರಾಕಿಗೆ ನಗುಮುಖ ತೋರಿಸುತ್ತಾನೆಂಬ ಲೆಕ್ಕವನ್ನಾದರೂ ಹಾಕಿ ನೋಡಲಿ.

ಆದುದರಿಂದ ನಾವು ಕೇಳುವುದು ಹೆಚ್ಚೇನಲ್ಲ. ರೈಲ್ವೆ ಇಲಾಖೆಯವರು ಯಾವ ದಾರಿಯನ್ನು ಬಿಟ್ಟುಕೊಟ್ಟರೂ ಅದರ ನೆಲವನ್ನು ಅಖಂಡವಾಗಿ ಕಾದಿರಿಸಿ, ಮರಳಿ ಹಳಿ ಹಾಕುವ ಹಕ್ಕನ್ನು ಉಳಿಸಿಕೊಂಡು, ಅಲ್ಲಿಯವರೆಗೆ ಜನರ ನಡಿಗೆಗೆ ತೆರೆಯಲಿ. ಬೋರ್‌ಘಾಟದ ಹಳೆಯ ಕಟ್ಟಡಗಳನ್ನು ಭದ್ರಪಡಿಸಿ ಕೂಲಿಕಾರರ ಸ್ಮಾರಕವಾಗಿ ಉಳಿಸಲಿ. ರೈಲು ಓಡುವ ಕಡೆ, ಮುಖ್ಯವಾಗಿ ಥಾಣೆಗೂ ಕಲ್ಯಾಣಕ್ಕೂ ನಡುವೆ, ಜನ ಎಲ್ಲಿ ಹಳಿ ದಾಟುತ್ತಾರೋ ಅಲ್ಲಿಯೇ ಸೇತುವೆ ಕಟ್ಟಲಿ. ಜನ ದಾಟದ ಕಡೆ ಕಟ್ಟಿದ ಸೇತುವೆ ಕಬ್ಬಿಣದ ಅಪವ್ಯಯ. ನಮ್ಮ ಕನ್ನಡ ಸಂಘಗಳಾದರೋ ವಾರ್ಷಿಕೋತ್ಸವದ ಸನ್ಮಾನಗಳ ಜೊತೆಗೆ ವರ್ಷಕ್ಕೆರಡು ಸಲ ಕಾರ್ಮಿಕರನ್ನು ಕೂಡಿಕೊಂಡು ಪಾದಯಾತ್ರೆ ಹೊರಡಲಿ. ನೇರಳ ದೂರವಿಲ್ಲ, ಅಲ್ಲಿಂದ ಹತ್ತುವ ಗುಡ್ಡದ ಮೇಲಿನ ಮಾಥೇರಾನ ಊರಿನೊಳಗೆ ಖಾಸಗಿ ಮೋಟಾರಿಗೆ ಇಂದಿಗೂ ಪ್ರವೇಶವಿಲ್ಲ, 1907ರ ಪುಟ್ಟ ರೈಲಿಗೆ ಉಂಟು. ನಡಿಗೆಗೆ ಬೆಲೆಯಿರುವ ಊರು ಹೇಗಿರುತ್ತದೆಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಸರಕಾರ ಕೇಳುವುದೇ, ಗುಮಾಸ್ತನ ಮಾತಿಗೆ ಬೆಲೆಯುಂಟೇ ಎಂದು ನಿರಾಶರಾಗುವವರು ಆ ಶಿಕಾಗೊದ ವೃದ್ಧೆಯನ್ನು ನೆನೆಯಬೇಕು. ಆಕೆಯ ಕೈಯಲ್ಲಿದ್ದುದು ಒಂದು ಲೇಖನಿ, ಒಂದು ಅಂಚೆ ಚೀಟಿ. ನಮ್ಮವರ ಕೈಯಲ್ಲೂ ಅದಿದೆ. ಡೊಂಬಿವಲಿಯ ಯಾವ ಜಾಗದಲ್ಲಿ ಸೇತುವೆ ಬೇಕು, ಕಲ್ಯಾಣದ ಯಾವ ದಾರಿ ಒತ್ತುವರಿಯಾಗಿದೆ, ನಿಮ್ಮ ಊರಿನ ಯಾವ ಹಳೆಯ ದಾರಿ ಹಾಳುಬಿದ್ದಿದೆ, ಬರೆದು ಕಳಿಸಿರಿ. ಪತ್ರಿಕೆಯ ಅಂಕಣ ನಿಮ್ಮದು. ಅಧಿಕಾರಿಗಳಿಗೆ ಅರ್ಜಿ ಮಾಡುವಾಗ ಒಬ್ಬರ ಸಹಿಯ ಬದಲು ನೂರು ಸಹಿ ಇರಲಿ. ಓಡುವ ರೈಲಿನ ಹಳಿಯ ಮೇಲೆ ಕಾಲಿಡಬಾರದು. ರೈಲು ಬಿಟ್ಟ ನೆಲವನ್ನು ಕೈಬಿಡಬಾರದು. ನೆಲ ಅಗೆದವರು ಜನರು, ಕಲ್ಲು ಹೊತ್ತವರು ಜನರು. ಅದರ ಮೇಲೆ ನಡೆಯುವ ಹಕ್ಕು ಜನರಿಗಲ್ಲದೆ ಇನ್ನಾರಿಗೆ?